ಕೆಂಪು ದಾರ ಸುತ್ತಿದ ಹಗ್ಗ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಪಕ್ಕದ ಮನೆಯಲ್ಲಿ ಮಿಕ್ಸರ್ ಸದ್ದು ಮಾಡಿತು. ಹಾಲಿನವನು ಎಂದಿನಂತೆ ಬೆಲ್ ಹೊಡೆದ. ಸೀಟ್ ಕವರ್ ಹೊಲಿಯುತ್ತಿದ್ದ ಶಾನವಾಜ್ ಎದೆ ಹಿಡಿದುಕೊಂಡು ಅಂಗಡಿಯಲ್ಲೇ ಕುಸಿದು ತೀರಿಕೊಂಡದ್ದು ಶಿಕಾರಿಪುರದ ಆ ಬೀದಿಗೆ ಆಗಲೇ ಹಳೆಯ ಸುದ್ದಿ.

ಅವನ ಹೆಂಡತಿ ಆಸ್ಮಾಳಿಗೆ ಹಸಿವಾಗಿತ್ತು. ಹಸಿವಾಯಿತಲ್ಲ ಎಂದು ನಾಚಿಕೆಯಾಯಿತು.

"ತಿನ್ನು ಬೇಟಿ," ಅತ್ತೆ ಕುಬ್ರಾ ಬೀ ತಟ್ಟೆಯನ್ನು ಮುಂದೆ ತಳ್ಳಿದರು. "ನೀನು ಉಪವಾಸ ಬಿದ್ರೆ ಅವನು ಎದ್ದು ಬರ್ತಾನಾ? ಬಂದ್ರೂ ಮೊದಲು ನನಗೇ ಬೈತಾನೆ, ಸೊಸೇನ ಯಾಕೆ ಒಣಗಿಸಿದ್ದೀಯ ಅಂತ."

ತಿಂದು ಎದ್ದವಳು ಅವನ ಅಂಗಿಗಳನ್ನು ಮಡಚಿಡಲು ಕಪಾಟು ತೆರೆದಳು. ಅಂಗಿಗಳ ಹಿಂದೆ ತೋಳುದ್ದದ ಒಂದು ಬಿಳಿ ಹಗ್ಗ. ನಡುವೆ ಅರ್ಧಕ್ಕೇ ದಾರಿ ತಪ್ಪಿದ ಕುಣಿಕೆ. ತುದಿಯಲ್ಲಿ ಬಿಗಿಯಾಗಿ ಸುತ್ತಿದ ಕೆಂಪು ದಾರ.

ಆಸ್ಮಾ ಹಗ್ಗವನ್ನು ಹೊರಗೆಳೆದಳು.

ಆ ದಾರ ಸುತ್ತಿದವಳು ತಾನೇ! ಹಡಗಿನ ಮೇಲೆ... ಸುಹೇಲ್‌ನ ಹಗ್ಗಕ್ಕೆ!

ಇದು ಇಲ್ಲಿಗೆ ಹೇಗೆ ಬಂತು? ಅವರಿಗೆ ಎಲ್ಲ ಗೊತ್ತಾಗಿತ್ತಾ? ಗೊತ್ತಾಗಿಯೂ ನನ್ನನ್ನು ಏನೂ ಕೇಳದೆ ಹೋದರಾ?

"ಓ, ಅದಾ?" ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಸೊರಬದ ಸುಹೇಲ್‌ದು. ಮೀನುಮರಿ ಸಾಕ್ತಾನಲ್ಲ, ನಿನ್ನ ಜೊತೆ ಹಡಗಲ್ಲಿ ಇದ್ದನಂತೆ. ಬೈಕಿಗೆ ಸೀಟ್ ಹೊಲಿಸೋಕೆ ಬಂದಾಗ ನಮ್ಮ ಶಾನವಾಜ್‌ಗೆ ಪರಿಚಯ ಆಯ್ತು. ಆಮೇಲೆ ಇವನೇ ಹೋಗಿ ಇಸ್ಕೊಂಡು ಬಂದಿದ್ದ. ಸತ್ತವನ ಮೇಲೆ ಎರವಲು ಉಳೀಬಾರದು. ನಿನ್ನ ಇದ್ದತ್ ಮುಗೀಲಿ, ಇಬ್ರೂ ಹೋಗಿ ಕೊಟ್ಟು ಬರೋಣ."

"ನೀವೊಬ್ಬರೇ ಹೋಗಿ ಬನ್ನಿ ಅಮ್ಮಿ..."

"ನಾನು ಏನಂತ ಕೊಡ್ಲಿ? ಹಗ್ಗದ ವಿಷಯ ನನಗೇನು ಗೊತ್ತು, ಆಡು ಕಟ್ಟೋಕೂ ಬರಲ್ಲ."

ಯಾರ ಮುಖ ನೋಡಬಾರದು ಅಂದುಕೊಂಡಿದ್ದಳೋ ಅವನ ಮನೆ ಬಾಗಿಲಿಗೇ ಹೋಗಬೇಕು!

ಗಂಡ ತೀರಿದ ಹೆಂಗಸು ಹೊರಗೆ ಕಾಲಿಡದ ಇದ್ದತ್‌ನ ಆ ತಿಂಗಳುಗಳಲ್ಲಿ ಹಗ್ಗ ಅವಳ ಕಣ್ಣೆದುರೇ ಇತ್ತು. ಕಪಾಟು ಮುಚ್ಚಿದರೂ ಇತ್ತು.

*

ಕಾರವಾರದಲ್ಲಿ ಕಡಲ ವಿಜ್ಞಾನ ಓದುವಾಗ ಅವರ ತರಗತಿಯನ್ನು ಹಾಯಿ ಹಡಗಿನ ತರಬೇತಿಗೆ ಕಳಿಸಿದ್ದರು. ಬೆಳಿಗ್ಗೆ ನವಿರಾದ ಬಲೆ ಎಳೆದು, ಬರಿಗಣ್ಣಿಗೆ ಕಾಣದ ಜೀವಿಗಳನ್ನು ಸೀಸೆಗೆ ತುಂಬಬೇಕು; ನೀರಿನ ಉಪ್ಪು ಅಳೆಯಬೇಕು. ಆಮೇಲೆ ಹಾಯಿ, ಹಗ್ಗ, ಗಂಟು.

ಮೊದಲ ದಿನವೇ ಆಸ್ಮಾ ತಪ್ಪು ಹಗ್ಗ ಸಡಿಲಿಸಿದಳು. ತಲೆಯ ಮೇಲೆ ಹಾಯಿ ಪಟಪಟ ಬಡಿಯುತ್ತ ಕೆಳಗಿಳಿಯಿತು. ಹಗ್ಗ ಅವಳ ಮುಷ್ಟಿಯೊಳಗೆ ಓಡತೊಡಗಿತು.

"ಬಿಡು! ಅಂಗೈ ಸುಟ್ಟು ಹೋಗುತ್ತೆ, ಬಿಡು!"

ಯಾರೋ ಅವಳ ಮಣಿಕಟ್ಟು ಹಿಡಿದು ಎಳೆದರು. ಉಪ್ಪು ಮೆತ್ತಿದ ಮುಖ, ಬೆದರಿದ ಕಣ್ಣು.

"ಯಾವೂರು ನಿಂದು?"

"ಶಿಕಾರಿಪುರ..."

"ಸರಿಹೋಯ್ತು! ನಾನು ಸೊರಬ. ಕೆರೆ ನೋಡಿ ಬೆಳೆದೋರು ಇಬ್ಬರೂ ಕಡಲಿಗೆ ಬಂದು ಸಾಯ್ತಾ ಇದ್ದೀವಿ."

ಅವಳು ನಕ್ಕಳು. ಸುಹೇಲ್‌ನ ಸ್ನೇಹ ಅಲ್ಲಿಂದ ಶುರು. ಒಂದೇ ಪಾಳಿ, ಒಂದೇ ಬಲೆ. ಅವನು ಗಂಟು ಕಲಿಯುತ್ತಿದ್ದ ಹಗ್ಗದ ತುದಿ ಎಳೆ ಬಿಚ್ಚಿಕೊಂಡಾಗ ತನ್ನ ಕಸೂತಿಯ ಕೆಂಪು ದಾರ ಸುತ್ತಿ ಕೊಟ್ಟಳು.

ಒಂದು ಸಂಜೆ ಸುಹೇಲ್ ಚುಕ್ಕಾಣಿ ಹಿಡಿದಿದ್ದ. ಅಲ್ಲಿ ನಿಂತವನು ಹರಟುವಂತಿಲ್ಲ. ಅಧಿಕಾರಿ ಹೇಳಿದ ಆಜ್ಞೆಯನ್ನು ಹಾಗೆಯೇ ಮರುನುಡಿದು, ಹಡಗನ್ನು ತಿರುಗಿಸಬೇಕು. ಅಷ್ಟೇ. ಆಸ್ಮಾಳಿಗೂ ಗೊತ್ತಿತ್ತು. ಆದರೆ ಆ ಹೊತ್ತಿನ ಬೆಳಕು, ಆ ಗಾಳಿ...

"ನೀನಂದ್ರೆ ನನಗೆ ಇಷ್ಟ, ಸುಹೇಲ್."

ಅವನ ಕಣ್ಣು ದಿಕ್ಸೂಚಿಯಿಂದ ಕದಲಲಿಲ್ಲ. ಹಿಂದಿನಿಂದ ಅಧಿಕಾರಿ ಏನೋ ಕೂಗಿದರು. ಅದನ್ನಷ್ಟೇ ಗಟ್ಟಿಯಾಗಿ ಮರುನುಡಿದ.

ಒಮ್ಮೆ ತಿರುಗಿ ನೋಡಬಹುದಿತ್ತಲ್ಲ!

ಮುಖ ಕೆಂಪಾಗಿ ಕೆಳಗಿಳಿದವಳು ಮರುದಿನವೇ ಪಾಳಿ ಬದಲಿಸಿಕೊಂಡಳು. ಊರಿಗೆ ಬಂದ ಮೇಲೆ ಶಾನವಾಜ್‌ನ ಸಂಬಂಧ ಬಂತು. ಒಪ್ಪಿದಳು.

ಒಳ್ಳೆಯವನು. ಊಟದ ಹೊತ್ತಿಗೆ ಕೇಳುತ್ತಿದ್ದ, "ಹಡಗಲ್ಲಿ ಏನೇನು ಮಾಡ್ತಿದ್ರಿ? ಹೇಳೇ."

"ನಿಮಗೆ ಅರ್ಥ ಆಗಲ್ಲ ಬಿಡ್ರೀ."

ಅವನು ನಕ್ಕು ಅನ್ನ ಕಲಸುತ್ತಿದ್ದ. ಆ ನಗು ಅವಳಿಗೆ ಈಗ ನೆನಪಾಗುತ್ತಿತ್ತು. ಅದರ ಒಳಗೆ ಏನಿತ್ತು ಎಂದು ಆಗ ನೋಡಿರಲಿಲ್ಲ.

*

ಸೊರಬದ ಅಂಚಿನಲ್ಲಿ ಸುಹೇಲ್‌ನ ಮೀನಿನ ತೊಟ್ಟಿಗಳು. ಕುಬ್ರಾ ಬೀ ಕಟ್ಟೆಯ ಮೇಲೆ ಕುಳಿತು, ಕೇಳದೆಯೇ ಹಿಂಡಿಯ ಡಬ್ಬಿ ಎಳೆದುಕೊಂಡು ಮೀನುಮರಿಗಳಿಗೆ ಹಾಕತೊಡಗಿದರು.

ಸುಹೇಲ್ ಬಂದು ತಲೆ ತಗ್ಗಿಸಿ ನಿಂತ. ಆಸ್ಮಾಳೂ ತಲೆ ಎತ್ತಲಿಲ್ಲ.

"ನೀವು ಅವರಿಗೆ... ನಮ್ಮ ವಿಷಯ ಹೇಳಿದ್ರಾ?"

"ಇಲ್ಲ. ಅವರು ಗಂಟು ಕಲಿಯೋಕೆ ಬರ್ತಿದ್ರು."

"ಗಂಟು?"

"'ಕಡಲಿನ ಮಾತು ಬಂದ್ರೆ ನಮ್ಮ ಆಸ್ಮಾ ಬಾಗಿಲು ಹಾಕ್ಕೊಂಡುಬಿಡ್ತಾಳೆ ಕಣ್ರೀ. ನಂದು ಹೊಲಿಗೆ ಕೈ, ಬೇಗ ಬರುತ್ತೆ. ಒಂದು ದಿನ ಅವಳ ಮುಂದೆ ಕಟ್ಟಿ ತೋರಿಸ್ತೀನಿ, ಆಗ ಮಾತಾಡ್ತಾಳೆ' ಅಂತಿದ್ರು. ಕುಣಿಕೆ ಒಂದು ಬರಲಿಲ್ಲ ಅವರಿಗೆ. ಮನೇಲಿ ಕೂತು ಕಲೀತೀನಿ ಅಂತ ಹಗ್ಗ ತಗೊಂಡು ಹೋದ್ರು."

ಆಸ್ಮಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಾನು ಸಂಶಯದ ಕಣ್ಣಲ್ಲಿ ನೋಡಿದ ಹಗ್ಗ... ಅವರು ತನಗಾಗಿ ತಂದದ್ದು!

"ನನಗೂ ನಾಚಿಕೆ ಆಗ್ತಿತ್ತು," ಸುಹೇಲ್ ಮೆಲ್ಲಗೆ ಅಂದ. "ಕಲಿಸುವಾಗ ಆ ಕೆಂಪು ದಾರದ ಮೇಲೆ ಬೆರಳಿಟ್ಟು ಮುಚ್ಚಿಕೊಳ್ತಿದ್ದೆ."

"ಅವತ್ತು ಯಾಕೆ ಮಾತಾಡಲಿಲ್ಲ?"

"ಚುಕ್ಕಾಣಿ ಹಿಡಿದಿದ್ದೆ."

"ಇಳಿದ ಮೇಲೆ?"

"ಇಳಿದು ಓಡಿ ಬಂದೆ. ನೀವು ಸಿಗಲಿಲ್ಲ; ಬೆಳಿಗ್ಗೆ ನೋಡಿದ್ರೆ ಪಾಳಿ ಬದಲಿಸಿಕೊಂಡಿದ್ರಿ. ಹೇಳಿ ತಪ್ಪು ಮಾಡಿದೆ ಅಂತ ನಿಮಗೆ ಅನ್ನಿಸಿರಬೇಕು ಅಂದ್ಕೊಂಡೆ. ಧೈರ್ಯ ಮಾಡಿ ನಿಮ್ಮ ಮನೆ ಹುಡುಕಿ ಬರೋ ಹೊತ್ತಿಗೆ ಬಾಗಿಲಲ್ಲಿ ನಿಮ್ಮ ಮದುವೆಗೆ ಶಾಮಿಯಾನ ಹಾಕಿದ್ರು."

ಮೀನುಗಳು ನೀರು ಚಿಮ್ಮಿಸುತ್ತಿದ್ದವು.

ಆಸ್ಮಾ ಚೀಲದಿಂದ ಹಗ್ಗ ತೆಗೆದಳು. ಎರವಲು ಹಗ್ಗವನ್ನು ಗಂಟು ಬಿಚ್ಚಿ, ಸುತ್ತಿ ಮರಳಿಸಬೇಕು. ಹಡಗಿನ ಮೊದಲ ಪಾಠ ಅದು. ಬೆರಳು ಗಂಟಿನ ಮೇಲೆ ಹೋಯಿತು, ನಿಂತಿತು. ಅವರ ಬೆರಳು ಕೊನೆಯದಾಗಿ ತಿರುಗಿಸಿದ ತಿರುವು ಇದು...

ಅವಳು ಹಗ್ಗವನ್ನು ಅತ್ತೆಯ ಮುಂದೆ ಹಿಡಿದಳು.

"ಅಮ್ಮಿ, ನಿಮ್ಮ ಮಗ ನನಗೋಸ್ಕರ ಇದನ್ನ ಕಲೀತಿದ್ರು. ನಾನು ಅವರಿಗೆ ಹಡಗಿನ ಒಂದು ಮಾತೂ ಹೇಳಲಿಲ್ಲ. ಅಲ್ಲಿ... ಇವರು ಇದ್ರು. ಅದಕ್ಕೆ."

ಕುಬ್ರಾ ಬೀಯ ಕೈ ಡಬ್ಬಿಯಲ್ಲೇ ಉಳಿಯಿತು. ಸೊಸೆಯನ್ನು ನೋಡಿದರು, ಸುಹೇಲ್‌ನನ್ನೂ ನೋಡಿದರು.

"ನೀನಿಲ್ಲದಾಗ ಮಂಚದ ಕಾಲಿಗೆ ಕಟ್ಟಿ ಕಟ್ಟಿ ಕಲೀತಿದ್ದ," ಅಂದರು ಕೊನೆಗೆ. "ಮಂಚ ಏನು ಓಡಿ ಹೋಗುತ್ತೇನೋ ಅಂತ ನಗ್ತಿದ್ದೆ... ವಾಪಸ್ ಹೋಗುವಾಗ ಬಸ್ಸಲ್ಲಿ ನನಗೆ ಹೇಳು. ಹಡಗಿನದು, ಎಲ್ಲಾ. ಅವನ ಬದಲು ನಾನು ಕೇಳ್ತೀನಿ."

ಆ ಸಾವಿನ ನಂತರ ಆಸ್ಮಾ ಮೊದಲ ಸಲ ಅತ್ತಳು.

ಅತ್ತು ಮುಗಿದ ಮೇಲೆ, ಶಾನವಾಜ್ ಅರ್ಧಕ್ಕೆ ಬಿಟ್ಟ ಕುಣಿಕೆಯನ್ನು ಅವನು ತಪ್ಪಿದಲ್ಲಿಂದಲೇ ಹಿಡಿದು ಪೂರ್ತಿ ಮಾಡಿದಳು. ಒಮ್ಮೆ ಎಳೆದು ನೋಡಿದಳು. ಸರಿಯಾಗಿತ್ತು. ಆಮೇಲೆ ನಿಧಾನವಾಗಿ ಬಿಚ್ಚಿ, ಹಗ್ಗವನ್ನು ಸುರುಳಿ ಸುತ್ತಿದಳು.

"ಆಸ್ಮಾ, ನಾನು ಈಗಲೂ..."

"ಈಗ ಬೇಡ. ಅವರಿಗೆ ಹೇಳೋದು ಇನ್ನೂ ಮುಗಿದಿಲ್ಲ ನನಗೆ. ನಾನಾಗಿ ಬರೋವರೆಗೂ ಕಾಯಿರಿ."

ಸುಹೇಲ್ ಚುಕ್ಕಾಣಿಯ ಮುಂದೆ ನಿಂತವನಂತೆ ನೆಟ್ಟಗಾದ. ಈ ಸಲ ಅವನ ಕಣ್ಣು ಅವಳ ಮುಖದ ಮೇಲೇ ಇತ್ತು.

"ನೀವಾಗಿ ಬರೋವರೆಗೂ ಕಾಯ್ತೀನಿ."

"ತಗೊಳ್ಳಿ," ಅಂದಳು ಆಸ್ಮಾ. "ನಮ್ಮ ಮನೆಯವರು ಇಸ್ಕೊಂಡಿದ್ದು."

ಕೆಂಪು ದಾರದ ತುದಿ ಮೇಲೆ ಕಾಣುವಂತೆ, ಹಗ್ಗವನ್ನು ಅವನ ಅಂಗೈಯಲ್ಲಿಟ್ಟಳು.