ತಹಸೀನ್ ನಕ್ಕಿರಲಿಲ್ಲ

"ನನ್ನ ನೋಡಿ ಯಾಕ ನಗಾಕತ್ತಿ?" ಸುಜಾತಾ ಬೆಂಚಿನಿಂದ ಎದ್ದು ಕೂಗಿದಳು.

ಬೋರ್ಡಿನ ಮೇಲೆ ಸುಲಭದ ಲೆಕ್ಕ ತಪ್ಪು ಮಾಡಿ ಆಗಷ್ಟೇ ಬಂದಿದ್ದಳು. ಪಕ್ಕದಲ್ಲಿ ಗೆಳತಿ ತಹಸೀನ್ ಬಾಯಿ ಓರೆ ಮಾಡಿಕೊಂಡು ಕೂತಿದ್ದಳು.

"ನಾ ಎಲ್ಲಿ ನಕ್ಕೀನಿ?"

"ಸುಳ್ಳು ಹೇಳಬ್ಯಾಡ!" ಸುಜಾತಾ ಅವಳ ಬ್ಯಾಗ್ ನೂಕಿದಳು. ಡಬ್ಬಿ ಬಿದ್ದು ಮಂಡಕ್ಕಿ ಒಗ್ಗರಣೆ ನೆಲದ ತುಂಬ ಚೆಲ್ಲಿತು.

ತಹಸೀನ್ ಗಲ್ಲ ಹಿಡಿದುಕೊಂಡು ಅತ್ತಳು. "ಮುಂಜಾನಿಂದ ಹಲ್ಲು ನೋಯಾಕತ್ತದ ಲೇ..."

ಅವಳ ಗಲ್ಲ ಬಾತಿತ್ತು. ಕ್ಲಾಸಿಗೆಲ್ಲ ಕಂಡದ್ದು ಸುಜಾತಾಗೆ ಮಾತ್ರ ಕಂಡಿರಲಿಲ್ಲ.

ಉಮಾದೇವಿ ಟೀಚರ್ ಬೈಯಲಿಲ್ಲ. ಸುಜಾತಾಳನ್ನು ಹತ್ತಿರ ಕರೆದು ಕೇಳಿದರು, "ರಾತ್ರಿ ನಿದ್ದಿ ಮಾಡ್ತಿಯಿಲ್ಲೋ?"

"ಬರೂದಿಲ್ರಿ ಟೀಚರ್. ಅವ್ವ ನೈಟ್ ಡ್ಯೂಟಿಗೆ ಹೋಗಾಕತ್ತಾಗಿಂದ."

ಅವ್ವ ನರ್ಸ್. ದೀಪಾವಳಿ ಮುಗಿದಾಗಿನಿಂದ ದಿನಾ ಸಂಜೆ ಕಲ್ಮಲದಿಂದ ಬಸ್ ಹಿಡಿದು ರಾಯಚೂರಿನ ದವಾಖಾನೆಗೆ ಹೋಗುತ್ತಾಳೆ. ಈಗ ಬೇಸಿಗೆ ಬಂತು. ಅಜ್ಜಿ ಪಕ್ಕದಲ್ಲೇ ಇದ್ದರೂ ಸುಜಾತಾಗೆ ಅವ್ವನೇ ಬೇಕು.

"ಬಾಳ ದಿನ ನಿದ್ದಿಗೆಟ್ಟರ ತಲಿ ಓಡೂದಿಲ್ಲವ್ವ," ಎಂದರು ಟೀಚರ್. "ಮಂದಿ ಮುಖಾನೂ ತಿಳಿಯೂದಿಲ್ಲ. ಸುಮ್ಮನ ನೋಡಿದ್ರೂ ಅಣಕಿಸಿದಂಗ ಅನಸ್ತದ."

ಸುಜಾತಾ ಒಗ್ಗರಣೆಯನ್ನೆಲ್ಲ ಬಳಿದು ತೆಗೆದು, ತಹಸೀನ್ ಪಕ್ಕ ಕೂತಳು.

"ತಪ್ಪಾತು. ಬಾಳ ನೋಯ್ತದೇನು?"

ತಹಸೀನ್ ಮೂಗು ಒರೆಸಿಕೊಂಡಳು. ಆಮೇಲೆ ಬಾಯಿ ಅಗಲಿಸಿ ತೋರಿಸಿದಳು. "ನೋಡು, ಹಿಂದಿಂದು."

ಸಂಜೆ ಮನೆಗೆ ಬಂದಾಗ ಅವ್ವ ಕನ್ನಡಿ ಮುಂದೆ ನಿಂತು ತಲೆ ಬಾಚುತ್ತಿದ್ದಳು. ಸುಜಾತಾ ಬಾಗಿಲಲ್ಲೇ ನಿಂತು ಅವಳನ್ನು ನೋಡಿದಳು.

"ಯಾಕ ಹಂಗ ದುರುಗುಟ್ಟಿ ನೋಡ್ತಿ? ನನ್ನ ಮ್ಯಾಲ ಸಿಟ್ಟು ಅಲ್ಲೇನು?" ಅವ್ವ ಸಿಡುಕಿದಳು.

ಬೇರೆ ದಿನವಾಗಿದ್ದರೆ ಸುಜಾತಾ ಎದುರು ಮಾತಾಡಿ, ಅಳುತ್ತ ಹೊರಗೆ ಓಡುತ್ತಿದ್ದಳು. ಇವತ್ತು ಅವಳ ಕಣ್ಣು ಅವ್ವನ ಬಿಳಿ ಕೋಟಿನ ಮೇಲೆ ನಿಂತಿತು. ಗುಂಡಿಗಳೆಲ್ಲ ಒಂದು ತೂತಿನ ಬದಲು ಇನ್ನೊಂದರಲ್ಲಿ ಕೂತಿದ್ದವು. ತಗಡಿನ ಮನೆಯ ಈ ಧಗೆಯಲ್ಲಿ ಅವ್ವನಿಗಾದರೂ ಹಗಲು ಎಲ್ಲಿಯ ನಿದ್ದೆ?

"ಸಿಟ್ಟಿಲ್ಲವ್ವಾ. ನಿನ್ನ ನೋಡಬೇಕನಿಸಿತ್ತು."

ಅವ್ವನ ಬಾಚಣಿಕೆ ಅಲ್ಲೇ ನಿಂತಿತು. ಸುಜಾತಾ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು.

"ಬಸ್ಸಿಗೆ ಇನ್ನಾ ಟೈಮ್ ಅದ, ಬಾ," ಎಂದು ಅವ್ವ ಚಾಪೆಯ ಮೇಲೆ ಮಗಳನ್ನು ಎಳೆದು ಕೂರಿಸಿಕೊಂಡಳು. "ಸಾಲ್ಯಾಗ ಏನಾತು, ಹೇಳು."

ಸುಜಾತಾಗೆ ಹೇಳುವುದು ಎಷ್ಟೊಂದಿತ್ತು! "ಇವತ್ತ ತಹಸೀನ್..." ಅನ್ನುವಷ್ಟರಲ್ಲಿ ಅವ್ವ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು.

"ಇರಲಿ, ಬಸ್ಸಿನ ಟೈಮಿಗೆ ನಾ ಎಬ್ಬಸ್ತೀನಿ," ಅಜ್ಜಿ ಒಳಗಿಂದ ಮೆಲ್ಲಗೆ ಅಂದಳು.

ಸುಜಾತಾ ಉಳಿದ ಮಾತು ನುಂಗಿಕೊಂಡಳು. ಬಾಗಿಲಿಂದ ಬರುವ ಬಿಸಿಲು ಅವ್ವನ ಮುಖಕ್ಕೆ ಬೀಳದ ಹಾಗೆ ತುಸು ಸರಿದು ಕೂತಳು.