ನಲವತ್ತು ಸೊಂಟಪಟ್ಟಿ

ರೋಹಿದಾಸ ಹರಿಕಂತ್ರ ಸೊಂಟ ಬಗ್ಗಿಸಿದ. ಬಾಯಿ ಬಿಡಲಿಲ್ಲ, ಕೈ ಬೀಸಲಿಲ್ಲ. ಆದರೂ ಮರಳ ಮೇಲೆ ಅವನ ಹಿಂದಿದ್ದ ನಲವತ್ತು ಸೊಂಟಗಳು ಅದೇ ಕ್ಷಣಕ್ಕೆ ಬಗ್ಗಿದವು. ಕಡಲಿಗೆ ಹರಡಿದ್ದ ರಂಪಣಿ ಮೀನುಬಲೆಯ ಹಗ್ಗ ಒಂದೇ ಎಳೆತಕ್ಕೆ ಎರಡು ಮಾರು ದಡಕ್ಕೆ ಬಂತು.

ಇದು ಸ್ನಾಯುವಾಹಕದ ಮಹಿಮೆ. ಸೊಂಟಕ್ಕೆ ಕಟ್ಟುವ ಈ ಪಟ್ಟಿ, ತಂಡದ ಮುಖಂಡನಾದ ತಾಂಡೇಲನ ಸ್ನಾಯುಗಳ ಮಿಡಿತವನ್ನು ಹಿಡಿದು ಉಳಿದವರ ಸ್ನಾಯುಗಳಿಗೆ ರವಾನಿಸುತ್ತದೆ. ಅವನು ಎಳೆದರೆ ಎಲ್ಲರೂ ಎಳೆಯಲೇಬೇಕು. ಅವನು ಬಿಟ್ಟರೆ ಮಾತ್ರ ಬಿಡಬಹುದು. ಹಿಂದೆಲ್ಲ ಹಗ್ಗ ಹಿಡಿದವರಲ್ಲಿ ಯಾರೇ "ಹೋಯ್" ಎಂದು ಕೂಗಿದರೂ ತಾಂಡೇಲನೂ ಸೇರಿ ಎಲ್ಲರೂ ನಿಲ್ಲಬೇಕಿತ್ತು. ಇಪ್ಪತ್ತಾರರ ಹರೆಯದ ತಾಂಡೇಲ ರೋಹಿದಾಸನಿಗೆ ಆ ಕೂಗಾಟ ಕಂಡರಾಗದು. ಪಟ್ಟಿ ತರಿಸಿದವನೂ ಅವನೇ.

ಅಂದು ಬಲೆ ತುಂಬ ಬಂಗುಡೆ. ಹಿಂದಿನಿಂದ ಹಿರಿಯ ಮಂಕಾಳಣ್ಣನ ಕೂಗು ಬಂತು. "ಹೋಯ್! ಕೈ ಸಿಕ್ಕಿಕೊಂಡಿದೆ ಮಾರಾಯಾ!"

ರೋಹಿದಾಸ ತಿರುಗಿಯೂ ನೋಡಲಿಲ್ಲ. ಮುದುಕನದು ಯಾವಾಗಲೂ ಇದ್ದದ್ದೇ ರಗಳೆ ಅಂದುಕೊಂಡು ಇನ್ನೂ ಹನ್ನೆರಡು ಬಾರಿ ಎಳೆದ. ಮಂಕಾಳಣ್ಣನ ದೇಹವೂ ಎಳೆಯಿತು, ಪಾಪ, ಹಗ್ಗದ ಸುರುಳಿಯಲ್ಲಿದ್ದ ತನ್ನ ಬೆರಳುಗಳನ್ನು ತಾನೇ ಜಜ್ಜಿಕೊಳ್ಳುತ್ತ. ಎರಡು ಬೆರಳು ಹೋದವು.

"ಗಾಳಿ ಜೋರಿತ್ತು. ಕೇಳಿಸಲಿಲ್ಲ," ಎಂದ ರೋಹಿದಾಸ.

ಯಾರೂ ಬೈಯಲಿಲ್ಲ. ಮರುದಿನ ಯಾರೂ ಪಟ್ಟಿ ಕಟ್ಟಲೂ ಇಲ್ಲ. ಬೈದಿದ್ದರಾದರೂ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ತಂಡ ಒಡೆದರೆ ಬಲೆ ಕೊಟ್ಟಿಗೆಯಲ್ಲಿ ಕೊಳೆಯುವುದೇ ಸೈ.

ಪಟ್ಟಿ ಕಂಡುಹಿಡಿದ ಡಾ. ವಸುಧಾ ಶಾನಭಾಗರ ಬಳಿಗೆ ಹೋದ. "ಮೇಡಂ, ತಂಡದವರ ಮಿಡಿತ ನನಗೂ ಬರುವಂತೆ ಮಾಡಿ. ಯಾರು ನಿಂತರೂ ನಾನೂ ನಿಲ್ಲಬೇಕು."

"ಯಂತ್ರದಲ್ಲಿ ದೋಷವಿತ್ತೇ?"

"ಯಂತ್ರದಲ್ಲಿ ಇರಲಿಲ್ಲ."

"ಹಾಗೆ ಮಾಡಿದರೆ ನಿಮ್ಮ ತಾಂಡೇಲಿಕೆ ಹೆಸರಿಗೆ ಮಾತ್ರ ಉಳಿದೀತು."

"ಅಡ್ಡಿಯಿಲ್ಲ ಮೇಡಂ."

ವಾರ ಕಳೆದು, ಎಲ್ಲರನ್ನೂ ಕಾಡಿ ಬೇಡಿ ದಡಕ್ಕೆ ಕರೆಸಿದ. ಇನ್ನು ಮೇಲೆ ಯಾರು ಬೇಕಾದರೂ ನಿಲ್ಲಿಸಬಹುದೆಂದು ಡಾಕ್ಟರೇ ವಿವರಿಸಿದರು. ಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಮಂಕಾಳಣ್ಣ ಮೊದಲು ಪಟ್ಟಿ ಕಟ್ಟಿದ. ಉಳಿದವರು ಅವನ ಮುಖ ನೋಡಿ ಕಟ್ಟಿದರು.

ಇಷ್ಟು ದೊಡ್ಡ ಗಂಡಾಳಿಗೆ ಒಂದು ಮಾತು ಆಡಲು ಒಂದು ವಾರ ಬೇಕಾಯಿತು, ನೋಡಿ. ರೋಹಿದಾಸ ತಲೆ ತಗ್ಗಿಸಿದ. "ಮಂಕಾಳಣ್ಣ, ಅವತ್ತು ಕೇಳಿಸಿತ್ತು. ಕೇಳಿಸಿಯೂ ಎಳೆದೆ."

ಹೇಳುತ್ತಿದ್ದಂತೆ ನಾಚಿಕೆಯಿಂದ ಅವನ ಮೊಣಕಾಲು ನಡುಗಿ ಕುಸಿಯಿತು. ಅವನೊಂದಿಗೆ ನಲವತ್ತು ಮಂದಿಯೂ ದೊಪ್ಪನೆ ಮರಳಿಗೆ ಬಿದ್ದರು! ನಾಚಿಕೆಯೂ ಸ್ನಾಯುಗಳಿಗೆ ಇಳಿಯುತ್ತದೆಂಬುದು ಡಾಕ್ಟರಿಗೆ ಹೊಳೆದೇ ಇರಲಿಲ್ಲ. ಅವರು ಗಾಬರಿಯಿಂದ ಓಡಿಬಂದರು.

ಬೈಯಲು ಬಾಯಿ ತೆರೆದವರೂ ಸುಮ್ಮನಾದರು. ಆ ನಡುಕ ಅವರ ಕಾಲುಗಳಲ್ಲೂ ಇತ್ತು.

ಮಂಕಾಳಣ್ಣ ಒಳ್ಳೆಯ ಕೈಯನ್ನು ಮರಳಿಗೆ ಊರಿ ಏಳತೊಡಗಿದ. ರೋಹಿದಾಸನ ಸೊಂಟವೂ ತಾನಾಗಿ ಏಳತೊಡಗಿತು.

"ಬೇಡ ಮಂಕಾಳಣ್ಣ. ನನ್ನಿಂದಾಗದು."

"ನೀನು ಏಳದಿದ್ದರೆ ಇಲ್ಲಿ ಯಾರೂ ಏಳುವ ಹಾಗಿಲ್ಲ. ಸುಮ್ಮನೆ ಏಳು, ತಾಂಡೇಲ."

ನಲವತ್ತು ಸೊಂಟಗಳು ಸೇರಿ ಅವನನ್ನು ಎಬ್ಬಿಸಿ ನಿಲ್ಲಿಸಿದವು. ಅವನ ತಗ್ಗಿದ ತಲೆಯನ್ನು ಮಾತ್ರ ಎತ್ತಲಾಗಲಿಲ್ಲ. ಪಟ್ಟಿಯ ಶಕ್ತಿ ಕತ್ತಿನವರೆಗೆ ತಲುಪುತ್ತಿರಲಿಲ್ಲ.