ನಲವತ್ತೆರಡನೆಯ ಗೆಲುವು

ಇಂಡಿಯಾನಾದ ಆ ಪುಟ್ಟ ಕಾಲೇಜಿನ ದಾಖಲೆ ಕೋಣೆಯಿಂದ 1962ರ ಸ್ಕೋರು ಪುಸ್ತಕ ಕಾಣೆಯಾದಾಗ, ಹೊಸ ಕ್ರೀಡಾಂಗಣಕ್ಕೆ ಹೆಸರಿಡಲು ಮೂರೇ ಗಂಟೆ ಉಳಿದಿತ್ತು. ಊರ ಪತ್ರಿಕೆಯ ವರದಿಗಾರ ಎಲ್ಡನ್ ಕೂಡಲೇ ದಾಖಲೆ ಕೋಣೆಗೆ ಓಡಿಬಂದ. ಇಬ್ಬರು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಟೂರ್ನಿ ಗೆಲುವುಗಳನ್ನು ಹಳೆಯ ಪತ್ರಿಕೆಗಳಲ್ಲಿ ತಾಳೆ ನೋಡಿ ಪಟ್ಟಿ ಮಾಡಿದವನು ಅವನೇ. ತೀರಿಕೊಂಡ ಹ್ಯಾಸ್ಕೆಟ್‌ಗೆ ನಲವತ್ತೆರಡು, ಶಿಷ್ಯ ಪ್ರೂಯಿಟ್‌ಗೆ ನಲವತ್ತೊಂದು. ಹೆಚ್ಚು ಗೆದ್ದವರ ಹೆಸರು ಕ್ರೀಡಾಂಗಣಕ್ಕೆ. ಆದರೆ 62ರಲ್ಲಿ ಒಂದು ಪಂದ್ಯ ಗೆಲ್ಲಿಸಿದ್ದು ಆಗ ಸಹಾಯಕನಾಗಿದ್ದ ಪ್ರೂಯಿಟ್ ಎಂಬ ಗುಸುಗುಸು ಎದ್ದಿತ್ತು.

"ಕದ್ದೋಳು ಹ್ಯಾಸ್ಕೆಟ್ ಮಗಳು, ಈ ಕೋಣೆ ನೋಡ್ಕೊಳ್ಳೋ ಲೋರ್ನಾನೇ," ಎಂದ ಎಲ್ಡನ್. "ಇರೋದು ಎರಡೇ ಕೀಲಿ. ಒಂದು ಅವಳ ಹತ್ರ, ಇನ್ನೊಂದು ಪ್ರೂಯಿಟ್ ಹತ್ರ. ಪುಸ್ತಕ ಸಿಕ್ರೆ ಅಪ್ಪನ ಹೆಸರು ಹೋಗತ್ತಲ್ಲ! ಕಾಲೇಜಿನ ಅಧ್ಯಕ್ಷರು ಆಗ್ಲೇ ಅವಳನ್ನ ಕೆಲಸದಿಂದ ತೆಗೀತೀನಿ ಅಂತಿದಾರೆ."

ಕಾಲೇಜಿನಲ್ಲಿ ಏನೇ ಕಗ್ಗಂಟಾದರೂ ಎಲ್ಲರೂ ಓಡುತ್ತಿದ್ದುದು ನಿವೃತ್ತ ಗ್ರಂಥಪಾಲಕಿ ವರ್ನಾ ಸ್ಟೋಲ್ಟ್ಸ್ ಬಳಿಗೆ. ಈಗಲೂ ಕರೆಸಿಕೊಂಡು ಬಂದಿದ್ದ ಆಕೆ ಎಲ್ಡನ್‌ನ ಮಾತು ಕೇಳುತ್ತಾ, ಪುಸ್ತಕವಿದ್ದ ಕಪಾಟಿನ ಮೇಲ್ತುದಿಯ ಖಾಲಿ ಜಾಗವನ್ನೇ ನೋಡುತ್ತಿದ್ದಳು.

"ಎಟುಕತ್ತಾ ನೋಡು."

ಎಲ್ಡನ್ ತುದಿಗಾಲಲ್ಲಿ ನಿಂತರೂ ಎಟುಕಲಿಲ್ಲ.

"ಪುಸ್ತಕ ಕೊನೇ ಸಲ ಕಂಡಿದ್ದು?"

"ಇವತ್ತು ಬೆಳಿಗ್ಗೆ, ಅಲ್ಲೇ ಮೇಲೆ ಇದ್ದಿದ್ದು ನನಗೇ ಕಂಡಿತ್ತು. ಅದೇ ಹೊತ್ಗೆ ಏಣೀನ ಬಲೆ ಕಟ್ಟೋಕೆ ಅಂಗಣಕ್ಕೆ ಒಯ್ದ್ರು, ಇನ್ನೂ ಅಲ್ಲೇ ಇದೆ. ಕುರ್ಚಿಯಂತೂ ಇಲ್ಲಿಲ್ಲ."

"ಹಳೇ ಪುಸ್ತಕ ತೆಗೆಸಿ ನೋಡಿ ಅಂತ ಅರ್ಜಿ ಕೊಟ್ಟೋರ್ಯಾರು?"

ಎಲ್ಡನ್ ತಡವರಿಸಿದ. "ಅದು... ಲೋರ್ನಾನೇ."

ಗಂಟೆಯೊಳಗೆ ಎಲ್ಲರೂ ಅಧ್ಯಕ್ಷರ ಕೋಣೆಯಲ್ಲಿ ಸೇರಿದರು. ಎಲ್ಡನ್‌ನ ಭುಜಕ್ಕೂ ಬಾರದ ಲೋರ್ನಾ ಬಿಳಿಚಿಕೊಂಡು ನಿಂತಿದ್ದಳು. ಎತ್ತರದ ಆಳು ಪ್ರೂಯಿಟ್ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಬಂದ.

"ಅಧ್ಯಕ್ಷರೇ, ತಾನೇ ಕೇಳಿದ ಪುಸ್ತಕಾನ ಯಾರಾದ್ರೂ ಕದೀತಾರಾ?" ಎಂದಳು ವರ್ನಾ. "ಕದೀಬೇಕಂದ್ರೂ ಲೋರ್ನಾಗೆ ಏಣಿ ಬೇಕು. ಏಣಿ ಇರಲಿಲ್ಲ. ಕೀಲಿ ಇದ್ದು, ನೆಲದ ಮೇಲೆ ನಿಂತೇ ಅಷ್ಟೆತ್ತರಕ್ಕೆ ಕೈ ಹಾಕೋರು ಒಬ್ಬರೇ. ತನಗೆ ಲಾಭ ಆಗೋ ಪುಟಾನ ಮನುಷ್ಯ ಬಚ್ಚಿಡೋದು ಯಾವಾಗ? ಅದರಲ್ಲಿ ಇನ್ನೊಬ್ಬರ ಮಾನ ಇದ್ದಾಗ. ತೆಗೀರಿ, ಕೋಚ್."

ಪ್ರೂಯಿಟ್ ಕೋಟಿನೊಳಗಿಂದ ಪುಸ್ತಕ ತೆಗೆದ. ಆ ಪಂದ್ಯದ ಪುಟದ ಅಂಚಿನಲ್ಲಿ ಸ್ಕೋರು ಬರೆಯುವವನ ಕೈಬರಹವಿತ್ತು: 'ಹ್ಯಾಸ್ಕೆಟ್ ಕುಡಿದಿದ್ದರಿಂದ ಹೊರಗೆ ಕಳಿಸಲಾಯಿತು. ಆಡಿಸಿದವರು ಪ್ರೂಯಿಟ್.'

"ನನ್ನನ್ನ ಮನುಷ್ಯನ್ನಾಗಿ ಮಾಡಿದೋರು ಅವ್ರು," ಎಂದ ಪ್ರೂಯಿಟ್. "ಮಗಳು ಇದನ್ನ ಓದಬಾರದು ಅನ್ನಿಸ್ತು. ತಪ್ಪು ಇವಳ ತಲೆಗೆ ಬರತ್ತೆ ಅಂತ ಹೊಳೀಲಿಲ್ಲ."

"ನಂಗೆ ಗೊತ್ತು ಕೋಚ್," ಎಂದಳು ಲೋರ್ನಾ. "ಅವತ್ತು ಅಪ್ಪನ್ನ ಕಾರಲ್ಲಿ ಮನೆಗೆ ಕರ್ಕೊಂಡು ಹೋಗಿದ್ದು ನಾನೇ. ನಂಗಾಗ ಹದಿನಾರು. ದಾರಿಯುದ್ದಕ್ಕೂ ರೇಡಿಯೋದಲ್ಲಿ ಪಂದ್ಯ ಕೇಳ್ತಾ ಅತ್ರು. 'ಹುಡುಗ ನನಗಿಂತ ಚೆನ್ನಾಗಿ ಆಡಿಸ್ತಿದಾನೆ' ಅಂದ್ರು. ಆ ಗೆಲುವು ನಿಮಗೆ ಸೇರಲಿ ಅಂತಲೇ ಅರ್ಜಿ ಕೊಟ್ಟೆ."

ಪ್ರೂಯಿಟ್ ಮುಖ ಮುಚ್ಚಿಕೊಂಡ. ಲೋರ್ನಾ ಅವನ ತೋಳು ಹಿಡಿದು ಕೂರಿಸಿದಳು. ಎಲ್ಡನ್‌ಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.